ಏಳು ನೀರು, ಒಂದು ಹಿಡಿ ಮಣ್ಣು



2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮ ಬಳಗ ಒಂದು ತೀರ್ಮಾನ ಮಾಡಿತ್ತು. ಮುಸ್ಲಿಂ ಬದುಕನ್ನು ಬರೆದ ಕನ್ನಡ ಲೇಖಕರನ್ನು ಒಬ್ಬೊಬ್ಬರಾಗಿ ಮತ್ತೆ ಓದೋಣ ಎಂದು. ಆ ಸರದಿಯಲ್ಲಿ ಕಳೆದ ತಿಂಗಳು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೈಗೆ ಬಂತು. ಕೂಟ ಸೇರಿದ್ದು ಬಾಂಗ್ಸಾರ್‌ನಲ್ಲಿ, ನಾವೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ಸದಸ್ಯೆಯೊಬ್ಬರ ಮನೆಯಲ್ಲಿ. ಚಿತ್ರಾನ್ನ, ಕಾಫಿ ಮುಗಿದು ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮಾತು ಪುಸ್ತಕ ಬಿಟ್ಟು ಅಕ್ಕನ ಮನೆಯ ಗೇಟಿನ ಹತ್ತಿರ ಹೋಗಿ ನಿಂತಿತು. ಅಲ್ಲಿಂದ ಅದು ವಾಪಸು ಬರಲೇ ಇಲ್ಲ. ಈ ಬರಹ ಅದರ ಫಲ.

ನಡೆದದ್ದು ಇಷ್ಟು. ಅಕ್ಕನ ಮನೆಯಲ್ಲೊಂದು ಲ್ಯಾಬ್ರಡಾರ್ ನಾಯಿಯಿದೆ. ಪಕ್ಕದ ಮನೆಯವರು ಮಲಯ್ ಮುಸ್ಲಿಮರು. ಮಳೆ ನಿಂತ ಒಂದು ಸಂಜೆ ಆ ಮನೆಯ ನಾಲ್ಕು ವರ್ಷದ ಹುಡುಗ ಗೇಟಿನ ಸರಳುಗಳ ನಡುವೆ ಕೈ ತೂರಿಸಿದ. ನಾಯಿ ಪ್ರೀತಿಯಿಂದ ಮೊಣಕೈವರೆಗೂ ನೆಕ್ಕಿತು. ಹುಡುಗನಿಗೆ ಖುಷಿಯೋ ಖುಷಿ. ಓಡಿಬಂದ ತಾಯಿ ಮಗನನ್ನು ಬೈಯಲಿಲ್ಲ, ನಾಯಿಯನ್ನೂ ಬೈಯಲಿಲ್ಲ. ಅಕ್ಕನ ಕಡೆ ತಿರುಗಿ ಸ್ವಲ್ಪ ಮಣ್ಣು ಸಿಗಬಹುದೇ ಎಂದು ಕೇಳಿದರು. ಅಕ್ಕ ಹತ್ತಿರದಲ್ಲೇ ಇದ್ದ ತುಳಸಿ ಕುಂಡ ತೋರಿಸಿದರು. ಆಕೆ ಬಗ್ಗಿದವರು ಅರ್ಧದಲ್ಲೇ ನಿಂತು, "ಆಂಟಿ, ಇದಕ್ಕೆ ಗೊಬ್ಬರ ಹಾಕಿದ್ದೀರಾ?" ಎಂದರು.

"ಹಾಕಿದ್ದೀನಲ್ಲ, ಹಸುವಿನ ಸಗಣಿ ಗೊಬ್ಬರ. ಒಳ್ಳೇದು."

"ಹಾಗಾದರೆ ಬೇಡ ಆಂಟಿ, ತಪ್ಪು ತಿಳಿಯಬೇಡಿ" ಎಂದು ಆಕೆ ಗೇಟಿನ ಹೊರಗಿನ ದೇವಗಣಗಿಲೆ ಮರದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು, ಅಕ್ಕನ ಮನೆಯ ನಲ್ಲಿಯಲ್ಲೇ ಮಗನ ಕೈಯನ್ನು ಒಮ್ಮೆ ಮಣ್ಣುನೀರಿನಲ್ಲಿ ಉಜ್ಜಿ, ಆರು ಸಲ ಬರಿಯ ನೀರಿನಲ್ಲಿ ತೊಳೆದು, ಥ್ಯಾಂಕ್ಸ್ ಹೇಳಿ ಹೋದರು.

"ನಾಯಿ ನೆಕ್ಕಿದ್ದಕ್ಕೆ ತೊಳಕೊಳ್ಳಲಿ, ಬೇಡ ಅನ್ನಲ್ಲ. ಆದರೆ ತುಳಸಿ ಮಣ್ಣೂ ಮೈಲಿಗೇನಾ? ಹಾಗಾದರೆ ಅದನ್ನ ದಿನಾ ಮುಟ್ಟೋ ನಾನು?" ಎಂದು ಅಕ್ಕ ಕೇಳಿದಾಗ ನಮ್ಮಲ್ಲಿ ಯಾರ ಬಳಿಯೂ ತಕ್ಷಣ ಉತ್ತರವಿರಲಿಲ್ಲ. ನಮ್ಮ ಅಂಗಳ ಶುದ್ಧವಾಗುವುದೇ ಸಗಣಿ ಸಾರಿಸಿದ ಮೇಲೆ. ಪಂಚಗವ್ಯದಲ್ಲಿ ಅದು ಒಂದು. ಅಂಥದ್ದನ್ನು ಒಬ್ಬರು ಶುದ್ಧಿಗೆ ಆಗದು ಎಂದರೆ ಮನಸ್ಸಿಗೆ ಚುರುಕ್ ಎನ್ನದೆ ಇರುತ್ತದೆಯೇ? ಕೂಟದಲ್ಲಿದ್ದ ಇಬ್ಬರು ಬ್ಯಾರಿ ಗೆಳೆಯರನ್ನು ಮತ್ತು ಒಂದಿಷ್ಟು ಪುಸ್ತಕಗಳನ್ನು ಹಿಡಿದುಕೊಂಡು ನಾವು ಉತ್ತರ ಹುಡುಕಲು ಕುಳಿತೆವು.

ಮೊದಲು ತೊಡಕಾದದ್ದು ನಮ್ಮದೇ ಶಬ್ದ. ಅಕ್ಕ 'ಮೈಲಿಗೆ' ಎಂದರು. ಆಕೆ ಹೇಳಿದ್ದು 'ನಜಿಸ್'. ಇವೆರಡೂ ಒಂದೇ ಎಂದು ನಾವು ಗೊತ್ತಿಲ್ಲದೆಯೇ ಅನುವಾದ ಮಾಡಿಕೊಂಡುಬಿಟ್ಟಿದ್ದೆವು. ಮಲಯ್ ಭಾಷೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಶುದ್ಧ ಎನ್ನಲು ಅವರು 'ಸುಚಿ' ಎನ್ನುತ್ತಾರೆ, ನಮ್ಮ ಶುಚಿಯೇ. ಪಾಪಕ್ಕೆ 'ದೋಸ', ಪುಣ್ಯಕ್ಕೆ 'ಪಹಲ', ಅಂದರೆ ಫಲ. ಉಪವಾಸ 'ಪುವಾಸ', ಸ್ವರ್ಗ 'ಶುರ್ಗ', ನರಕ 'ನೆರಾಕ'. ಧರ್ಮಕ್ಕೆ ಹೆಸರೇ 'ಆಗಾಮ'. (ಬಾಂಗ್ಸಾರ್‌ಗೆ ಹೊಸದಾಗಿ ಬಂದ ನಮ್ಮ ಗೆಳೆಯರೊಬ್ಬರು ಶುಕ್ರವಾರದ ಧರ್ಮೋಪದೇಶ ರೇಡಿಯೋದಲ್ಲಿ ಕೇಳಿ, ಇವರೇಕೆ ಇಷ್ಟು ಸಲ ದೋಸೆಯ ಹೆಸರು ಹೇಳುತ್ತಿದ್ದಾರೆ ಎಂದು ಕೇಳಿದ್ದುಂಟು!) ಶಬ್ದ ನಮ್ಮದಾದ ಮಾತ್ರಕ್ಕೆ ಅರ್ಥವೂ ನಮ್ಮದೇ ಆಗಿರಬೇಕಿಲ್ಲ. ನಜಿಸ್ ಎಂಬುದು ಅರಬ್ಬಿ ಮಾತು, ಅದಕ್ಕೆ ತನ್ನದೇ ಲೆಕ್ಕಾಚಾರವಿದೆ.

ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಅಶುದ್ಧಿ ಎಂಬುದು ಒಂದಲ್ಲ. ಒಂದು ವಸ್ತುವಿನ ಅಶುದ್ಧಿ. ಅದೇ ನಜಾಸತ್. ಮೂತ್ರ, ಮಲ, ಹರಿದ ರಕ್ತ, ಸತ್ತ ಪ್ರಾಣಿ, ಹಂದಿ, ಬಹುಮಂದಿ ಶಾಸ್ತ್ರಕಾರರ ಪ್ರಕಾರ ಹೆಂಡ, ಇವು ಆ ಪಟ್ಟಿಯಲ್ಲಿವೆ. ಇದು ಕೊಳೆಯ ಪಟ್ಟಿ ಅಲ್ಲ ಎಂಬುದನ್ನು ಗಮನಿಸಬೇಕು. ಕೆಸರು ಕೊಳೆ, ಆದರೆ ನಜಿಸ್ ಅಲ್ಲ. ಗಾಜಿನ ಲೋಟದಲ್ಲಿ ಹೊಳೆಯುವ ಮದ್ಯ ನೋಡಲು ಎಷ್ಟು ಸ್ವಚ್ಛವಿದ್ದರೂ ನಜಿಸ್. ಆದ್ದರಿಂದಲೇ ನಾಯಿಯ ಜೊಲ್ಲನ್ನು ಮಣ್ಣಿನಿಂದ ತೊಳೆಯುವ ವಿಚಿತ್ರ ಸಾಧ್ಯವಾಗುವುದು. ನಮ್ಮ ಅಮ್ಮಂದಿರು ಕೈಗೆ ಮಣ್ಣಾಗಿದೆ ತೊಳೆದುಕೋ ಎನ್ನುತ್ತಿದ್ದರು. ಇಲ್ಲಿ ತೊಳೆಯುವುದೇ ಮಣ್ಣಿನಿಂದ.

ಈ ಏಳು ಸಲದ ನಿಯಮಕ್ಕೆ ಮೂಲ ಪ್ರವಾದಿ ಮುಹಮ್ಮದರ ಒಂದು ಹದೀಸ್. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣಿನಿಂದ ಎಂಬುದು ಅದರ ಸಾರ. ಆದರೆ ಇದನ್ನು ಎಲ್ಲ ಮುಸ್ಲಿಮರೂ ಒಂದೇ ರೀತಿ ಓದಿಲ್ಲ. ಮದೀನಾದ ಇಮಾಮ್ ಮಾಲಿಕರ ಪಂಥದಲ್ಲಿ ಬದುಕಿರುವ ನಾಯಿ ಶುದ್ಧವೇ. ಪಾತ್ರೆ ತೊಳೆಯುವುದು ವಿಧಿ ಎಂಬ ಕಾರಣಕ್ಕೆ ಮಾತ್ರ. ಹನಫಿಗಳಿಗೆ ನಾಯಿಯ ಜೊಲ್ಲು ಅಶುದ್ಧ, ಮೈ ಅಲ್ಲ. ಶಾಫಿಗಳಿಗೆ ನಾಯಿ ಪೂರ್ತಿಯಾಗಿ 'ಮುಘಲ್ಲಝ', ಅಂದರೆ ಕಠಿಣ ದರ್ಜೆಯ ನಜಿಸ್. ಅಲ್ಲಿಯೂ ಒಂದು ವಿನಾಯಿತಿಯಿದೆ. ಒಣಗಿದ ಕೈ ಒಣಗಿದ ನಾಯಿಯನ್ನು ಮುಟ್ಟಿದರೆ ಏನೂ ಅಂಟುವುದಿಲ್ಲ, ಅಂಟಲು ಪಸೆ ಬೇಕು. ಮಲೇಶಿಯಾದ ಮುಸ್ಲಿಮರು ಹೆಚ್ಚಾಗಿ ಶಾಫಿಗಳು. ಹಾಗಾಗಿ ಇಲ್ಲಿ ಈ ತೊಳೆಯುವಿಕೆಗೆ 'ಸೆರ್ತು' ಎಂಬ ಹೆಸರೂ, ಅಂಗಡಿಗಳಲ್ಲಿ ಅದಕ್ಕೆಂದೇ ಮಣ್ಣು ಬೆರೆಸಿದ ಸೋಪೂ ಇವೆ. ಜನ ಮಾತಿನಲ್ಲಿ 'ಸಾಮಕ್' ಎನ್ನುವುದೂ ಉಂಟು. ಅದು ಚರ್ಮ ಹದ ಮಾಡುವುದಕ್ಕೆ ಇರುವ ಶಬ್ದ, ಹೇಗೋ ಇಲ್ಲಿ ಬಂದು ಸೇರಿಕೊಂಡಿದೆ.

ಇಲ್ಲಿ ನಮ್ಮ ಊರಿನ ವಿಷಯವೊಂದು ಬರುತ್ತದೆ. ಕಲಬುರಗಿ, ವಿಜಯಪುರ, ಮೈಸೂರು ಕಡೆಯ ಉರ್ದು ಮಾತಿನ ಮುಸ್ಲಿಮರು ಬಹುತೇಕ ಹನಫಿಗಳು. ದಕ್ಷಿಣ ಕನ್ನಡದ ಬ್ಯಾರಿಗಳು, ಭಟ್ಕಳದ ನವಾಯತರು, ಕಾಸರಗೋಡಿನ ಮಾಪಿಳ್ಳೆಗಳು ಶಾಫಿಗಳು. ದಖ್ಖನಿಗೆ ಧರ್ಮಶಾಸ್ತ್ರ ಬಂದದ್ದು ಸುಲ್ತಾನರೊಂದಿಗೆ ಉತ್ತರದಿಂದ, ಕರಾವಳಿಗೆ ಬಂದದ್ದು ವ್ಯಾಪಾರದ ಹಡಗುಗಳಲ್ಲಿ ಯೆಮೆನ್ ಕಡೆಯಿಂದ. ಅದೇ ಕಡಲು ಮಲಾಯಾಕ್ಕೂ ಹರಿಯಿತು. ಮಲಬಾರಿನ ಪೊನ್ನಾನಿಯಲ್ಲಿ 16ನೆಯ ಶತಮಾನದಲ್ಲಿ ಝೈನುದ್ದೀನ್ ಮಖ್ದೂಮ್ ಬರೆದ 'ಫತ್‌ಹುಲ್ ಮುಈನ್' ಎಂಬ ಶಾಫಿ ಗ್ರಂಥವನ್ನು ನಮ್ಮ ಕರಾವಳಿಯ ದರ್ಸ್‌ಗಳಲ್ಲೂ ಓದಿಸುತ್ತಾರೆ, ಮಲಯ್ ನಾಡಿನ ಪೊಂಡೋಕ್ ಶಾಲೆಗಳಲ್ಲೂ ಓದಿಸುತ್ತಾರೆ. ಹಾಗಾಗಿ ನಮ್ಮ ಬ್ಯಾರಿ ಗೆಳೆಯರಿಗೆ ಬಾಂಗ್ಸಾರ್‌ನ ಮಸೀದಿಯಲ್ಲಿ ಏನೂ ಹೊಸದೆನಿಸುವುದಿಲ್ಲ. ನಾಯಿಯ ವಿಷಯದಲ್ಲಿ ಕೋಲಾರದವರಿಗಿಂತ ಕ್ವಾಲಾಲಂಪುರದವರೇ ಅವರಿಗೆ ಹತ್ತಿರ!

ಇನ್ನು ಅಕ್ಕನ ಸಗಣಿ. ಶಾಫಿ ಮತದಲ್ಲಿ ಯಾವ ಪ್ರಾಣಿಯ ಸಗಣಿಯಾದರೂ, ಲದ್ದಿಯಾದರೂ ನಜಿಸ್. ಕುರಿ, ಒಂಟೆಯದೂ ಅಷ್ಟೆ. ಮಾಲಿಕಿ, ಹಂಬಲಿ ಮತಗಳಲ್ಲಿ ತಿನ್ನಬಹುದಾದ ಪ್ರಾಣಿಯ ಸಗಣಿ ಶುದ್ಧ. ಅಂದರೆ ಆಕೆ ಹೇಳಿದ್ದರಲ್ಲಿ ತುಳಸಿಯ ಬಗ್ಗೆ ಏನೂ ಇಲ್ಲ, ಅಕ್ಕನ ದೇವರ ಬಗ್ಗೆ ಏನೂ ಇಲ್ಲ. ತನ್ನ ಮನೆಯ ಗುಲಾಬಿ ಕುಂಡದಲ್ಲಿ ಗೊಬ್ಬರವಿದ್ದರೆ ಅದನ್ನೂ ಆಕೆ ಬೇಡವೆನ್ನುತ್ತಿದ್ದರು. ದೇವಗಣಗಿಲೆಯ ಬುಡದ ಮಣ್ಣು ಅಕ್ಕನ ಮನೆಯ ಹತ್ತಿರದ್ದೇ, ನೀರೂ ಅಕ್ಕನ ನಲ್ಲಿಯದೇ ಅಲ್ಲವೇ?

ಎರಡನೆಯ ಬಗೆಯ ಅಶುದ್ಧಿ ವಸ್ತುವಿನದಲ್ಲ, ಸ್ಥಿತಿಯದು. ಹದಸ್ ಎನ್ನುತ್ತಾರೆ. ನಿದ್ದೆ ಮಾಡಿದರೆ, ಮೂತ್ರಕ್ಕೆ ಹೋದರೆ, ವಾಯು ಸರಿದರೆ ಸಣ್ಣ ಹದಸ್. ಅದಕ್ಕೆ ವುಝೂ, ಅಂದರೆ ಮುಖ, ಕೈಕಾಲು ತೊಳೆದು ತಲೆ ಸವರುವುದು. ದಾಂಪತ್ಯದ ಕೂಟ, ಮುಟ್ಟು, ಹೆರಿಗೆ ಇವು ದೊಡ್ಡ ಹದಸ್. ಅದಕ್ಕೆ ಗುಸ್ಲ್, ತಲೆಯಿಂದ ಸ್ನಾನ. ನೀರಿಲ್ಲದಿದ್ದರೆ ಶುದ್ಧ ಮಣ್ಣಿನಿಂದ ತಯಮ್ಮುಮ್. ಇದು ಆರೋಗ್ಯದ ನಿಯಮ ಎಂದು ಇತ್ತೀಚೆಗೆ ಹಲವರು ವ್ಯಾಖ್ಯಾನಿಸುತ್ತಾರೆ. ನಮಗೇನೋ ಅದು ಒಪ್ಪಿಗೆಯಾಗಲಿಲ್ಲ. ವಾಯು ಸರಿಯುವುದು ಒಂದು ಕಡೆ, ತೊಳೆಯುವುದು ಮುಖ! ಬ್ಯಾಕ್ಟೀರಿಯಾ ಲೆಕ್ಕದಲ್ಲಿ ಮಣ್ಣು ಸವರಿಕೊಳ್ಳುವುದಕ್ಕೆ ಏನರ್ಥ? ಪ್ರಾರ್ಥನೆಗೆ ನಿಲ್ಲುವ ಮುನ್ನ ಮನುಷ್ಯ ತನ್ನನ್ನು ತಾನು ಒಮ್ಮೆ ಎಚ್ಚರಿಸಿಕೊಳ್ಳುವ ಕ್ರಮ ಅದು ಎಂದರೆ ಹೆಚ್ಚು ಸರಿಹೋಗುತ್ತದೆ. ವುಝೂವಿನ ಆಜ್ಞೆ ಬರುವ ಕುರ್‌ಆನ್ ವಾಕ್ಯವೂ (ಐದನೆಯ ಅಧ್ಯಾಯದ ಆರನೆಯದು) ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುವುದಲ್ಲ, ಶುದ್ಧಗೊಳಿಸುವುದು ದೇವರ ಉದ್ದೇಶ ಎಂಬ ಅರ್ಥದಲ್ಲೇ ಮುಗಿಯುತ್ತದೆ.

ಇಲ್ಲಿಯೇ ಮೈಲಿಗೆಗೂ ಹದಸ್‌ಗೂ ದಾರಿ ಬೇರೆಯಾಗುವುದು. ನಮ್ಮ ಸೂತಕ ಅಂಟುತ್ತದೆ. ಒಬ್ಬರು ಸತ್ತರೆ ದಾಯಾದಿಗಳಿಗೆಲ್ಲ ಹತ್ತು ಹನ್ನೊಂದು ದಿನ. ನೂರಾರು ಮೈಲಿ ದೂರದಲ್ಲಿದ್ದು ಸುದ್ದಿ ಕೇಳಿದರೂ ಸ್ನಾನ. ಹದಸ್ ಅಂಟುವುದಿಲ್ಲ. ಹದೀಸ್‌ಗಳಲ್ಲಿ ಇದಕ್ಕೊಂದು ಚಂದದ ಪ್ರಸಂಗವಿದೆ. ಪ್ರವಾದಿಯ ಸಂಗಾತಿ ಅಬೂಹುರೈರಾ ದೊಡ್ಡ ಹದಸ್‌ನ ಸ್ಥಿತಿಯಲ್ಲಿದ್ದಾಗ ದಾರಿಯಲ್ಲಿ ಪ್ರವಾದಿ ಎದುರಾದರಂತೆ. ಇವರು ಮೆಲ್ಲನೆ ತಪ್ಪಿಸಿಕೊಂಡು ಹೋಗಿ ಸ್ನಾನ ಮಾಡಿ ಬಂದರು. ಕಾರಣ ಕೇಳಿದ ಪ್ರವಾದಿ ಬೆರಗಾಗಿ, ವಿಶ್ವಾಸಿ ನಜಿಸ್ ಆಗುವುದಿಲ್ಲವಲ್ಲ ಎಂದರಂತೆ. ಇನ್ನೊಮ್ಮೆ ಮಸೀದಿಯಲ್ಲಿದ್ದ ಚಾಪೆಯನ್ನು ಕೊಡು ಎಂದು ಪತ್ನಿ ಆಯಿಶಾರನ್ನು ಕೇಳಿದಾಗ ಅವರು ತಾನು ಮುಟ್ಟಾಗಿದ್ದೇನೆ ಎಂದರು. ನಿನ್ನ ಮುಟ್ಟು ನಿನ್ನ ಕೈಯಲ್ಲಿಲ್ಲವಲ್ಲ ಎಂಬುದು ಉತ್ತರ. ಈ ಪ್ರಸಂಗ ಓದಿದಾಗ ಕೂಟದಲ್ಲಿದ್ದ ಹೆಂಗಸರೆಲ್ಲ ಒಂದು ಕ್ಷಣ ಸುಮ್ಮನಾದರು. ಮೂರು ದಿನ ಹಿತ್ತಲ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆಯೊಂದಿಗೆ ಕೂತ ಅಜ್ಜಿಯಂದಿರನ್ನು ನಾವೆಲ್ಲ ಕಂಡವರು. ಅಕ್ಕ ಸ್ವತಃ ಕೂತವರು.

ಹಾಗೆಂದು ಎಲ್ಲ ಸರಿಯಿದೆ ಎಂದೇನೂ ಅಲ್ಲ. ಮುಟ್ಟಾದ ಹೆಣ್ಣು ನಮಾಜು ಮಾಡುವಂತಿಲ್ಲ, ಉಪವಾಸ ಹಿಡಿಯುವಂತಿಲ್ಲ, ಬಹುಮತದ ಪ್ರಕಾರ ಕುರ್‌ಆನ್ ಮುಟ್ಟುವಂತಿಲ್ಲ. ಎದೆಹಾಲು ಮಾತ್ರ ಕುಡಿಯುವ ಗಂಡುಕೂಸಿನ ಮೂತ್ರಕ್ಕೆ ನೀರು ಚಿಮುಕಿಸಿದರೆ ಸಾಕು, ಹೆಣ್ಣುಕೂಸಿನದಾದರೆ ತೊಳೆಯಲೇಬೇಕು ಎಂಬ ಶಾಫಿ ನಿಯಮ ಕೇಳಿ ಎಲ್ಲರೂ ಹುಬ್ಬೇರಿಸಿದ್ದೂ ಆಯಿತು. ಆದರೂ ಮುಟ್ಟಾದವಳು ಅಡುಗೆ ಮಾಡುತ್ತಾಳೆ, ಎಲ್ಲರೊಂದಿಗೆ ಉಣ್ಣುತ್ತಾಳೆ, ಹೊರಗೆ ಕೂರುವುದಿಲ್ಲ.

ವಚನಕಾರರ ಹಾದಿಯ ಲಿಂಗಾಯತರು ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಲ್ಲೆನೆಂದದ್ದು ನಮ್ಮ ಓದುಗರಿಗೆ ಗೊತ್ತಿರುವುದೇ. ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಶಾಫಿ ಗ್ರಂಥ ಓದಿದರೆ ಮೋಜಾಗಿರುತ್ತದೆ. ಮನುಷ್ಯನ ಎಂಜಲು ಶುದ್ಧ. ಮನುಷ್ಯನ ಹೆಣ ಶುದ್ಧ, ಸ್ನಾನ ಮಾಡಿಸುವುದು ಗೌರವಕ್ಕೆ. ಬದುಕಿರುವ ಮನುಷ್ಯ, ಯಾವ ಮತದವನಾದರೂ, ದೇಹದಿಂದ ಶುದ್ಧ. ಅಕ್ಕನ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಬಹುದೇವಾರಾಧಕರನ್ನು ನಜಸ್ ಎಂದು ಕರೆಯುವ ಕುರ್‌ಆನ್ ವಾಕ್ಯವೊಂದು ಒಂಬತ್ತನೆಯ ಅಧ್ಯಾಯದಲ್ಲಿ ಇರುವುದು ನಿಜ, ಮುಚ್ಚಿಡುವ ಅಗತ್ಯವಿಲ್ಲ. ಸುನ್ನಿ ಶಾಸ್ತ್ರಕಾರರಲ್ಲಿ ಬಹುಪಾಲು ಜನ ಅದನ್ನು ನಂಬಿಕೆಯ ಅಶುದ್ಧಿ ಎಂದು ಓದಿದರು, ಮೈಯ ಅಶುದ್ಧಿ ಎಂದಲ್ಲ. ಹನ್ನೆರಡು ಇಮಾಮರ ಶಿಯಾ ಪಂಥದ ಹಳೆಯ ಶಾಸ್ತ್ರಕಾರರು ಮೈಗೂ ಅನ್ವಯಿಸಿದರು. ನಂಬಿಕೆ ಅಶುದ್ಧ ಎನ್ನಿಸಿಕೊಳ್ಳುವುದೂ ಹಿತವಾದ ಮಾತೇನಲ್ಲ. ಆದರೆ ಅದು ವಾದಕ್ಕೆ ಸಿಗುವ ಮಾತು. ಮುಟ್ಟಿದರೆ ಸ್ನಾನ ಎಂಬುದಕ್ಕೆ ವಾದವೇ ಇಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಆ ಇಡೀ ಕೆರೆಯನ್ನೇ ಪಂಚಗವ್ಯ ಸುರಿದು ಶುದ್ಧಿ ಮಾಡಿದರಲ್ಲ, ಆ ಲೆಕ್ಕ ಬೇರೆಯದೇ.

ಶಾಸ್ತ್ರದಲ್ಲಿ ಇರುವುದು ಹೀಗೆ. ಜನ ಬದುಕುವುದು ಹೀಗೆಯೇ ಎಂದು ಹೇಳಲಾರೆವು. 2017ರ ಸೆಪ್ಟೆಂಬರಿನಲ್ಲಿ ಜೋಹೋರ್ ರಾಜ್ಯದ ಮುವಾರ್ ಪಟ್ಟಣದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯೊಂದು 'ಸುಚಿ'ಯ ಕಾರಣ ಕೊಟ್ಟು ಮುಸ್ಲಿಮರಿಗೆ ಮಾತ್ರ ಎಂದು ಫಲಕ ಹಾಕಿತ್ತು. ಇಲ್ಲಿದ್ದ ಎಲ್ಲರಿಗೂ ಆ ಗದ್ದಲ ನೆನಪಿರಬಹುದು. ಜೋಹೋರ್ ಸುಲ್ತಾನ್ ಇಬ್ರಾಹಿಂ, 2024ರ ಜನವರಿಯಿಂದ ಮಲೇಶಿಯಾದ ದೊರೆ, ಸಿಟ್ಟಾಗಿ ಅದನ್ನು ನಿಲ್ಲಿಸಲು ಆಜ್ಞೆ ಮಾಡಿದರು, ಮಾಲೀಕರು ಕ್ಷಮೆ ಕೇಳಿದರು. ಸುಲ್ತಾನರ ಸಿಟ್ಟು ಬದಿಗಿರಲಿ, ಶಾಸ್ತ್ರದಲ್ಲೇ ಆ ಫಲಕಕ್ಕೆ ಉತ್ತರವಿತ್ತು. ಶಾಫಿ ಮತದ ಮೂಲಸೂತ್ರಗಳಲ್ಲಿ ಒಂದು: ಖಚಿತವಾದದ್ದು ಸಂಶಯದಿಂದ ಅಳಿಯುವುದಿಲ್ಲ. ಬಟ್ಟೆ ಶುದ್ಧವೆಂಬುದು ಮೊದಲ ಊಹೆ. ಅಶುದ್ಧಿ ಕಣ್ಣಿಗೆ ಕಾಣುವವರೆಗೆ ಯಾರದೇ ಬಟ್ಟೆಯಾದರೂ ಶುದ್ಧವೇ. ನಮ್ಮ ಬೆವರಿನ ಬಟ್ಟೆಯಿಂದ ಯಂತ್ರ ಕೆಡುವುದಿಲ್ಲ. ಮೈಲಿಗೆಯ ಆಸೆ ಮನುಷ್ಯನಲ್ಲಿ ಹೇಗೋ ಇರುತ್ತದೆ, ಶಾಸ್ತ್ರ ಅವಕಾಶ ಕೊಡದಿದ್ದರೂ ಅದು ದಾರಿ ಹುಡುಕಿಕೊಳ್ಳುತ್ತದೆ. ಮಲಬಾರಿನ ಮಾಪಿಳ್ಳೆಗಳಲ್ಲಿ ಕ್ಷೌರಿಕರಾದ ಒಸ್ಸಾನರೊಂದಿಗೆ ಉಳಿದವರು ಹೆಣ್ಣು ಕೊಟ್ಟು ತರದೆ ಇದ್ದದ್ದು ಯಾವ ಫಿಖ್‌ಹ್ ಗ್ರಂಥದ ಮಾತು ಕೇಳಿ?

2014ರ ಅಕ್ಟೋಬರಿನಲ್ಲಿ ಇಲ್ಲಿಗೆ ಹತ್ತಿರದ ಬಂದಾರ್ ಉತಾಮದ ಉದ್ಯಾನದಲ್ಲಿ ಸಯ್ಯದ್ ಅಜ್ಮಿ ಅಲ್‌ಹಬ್ಶಿ ಎಂಬ ಫಾರ್ಮಸಿಸ್ಟ್ ನಾಯಿ ಮುಟ್ಟುವ ಕಾರ್ಯಕ್ರಮವನ್ನೇ ಏರ್ಪಡಿಸಿದ್ದರು. ಭಯ ಹೋಗಲಿ, ಕೈ ತೊಳೆಯುವ ಕ್ರಮವನ್ನೂ ಕಲಿಯಲಿ ಎಂಬುದು ಉದ್ದೇಶ, ಸೆರ್ತುವಿನ ವ್ಯವಸ್ಥೆಯೂ ಅಲ್ಲಿಯೇ ಇತ್ತು. ಸಾವಿರಕ್ಕೂ ಹೆಚ್ಚು ಜನ ಬಂದರು. ಆಮೇಲೆ ಅವರಿಗೆ ಕೊಲೆ ಬೆದರಿಕೆಗಳೂ ಬಂದವು, ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಏಳು ನೀರು ಒಂದು ಹಿಡಿ ಮಣ್ಣಿನಲ್ಲಿ ಮುಗಿಯುವ ಅಶುದ್ಧಿಗೆ ಕೊಲೆ ಬೆದರಿಕೆ! ಆ ಬೆದರಿಕೆಯನ್ನು ತೊಳೆಯಲು ಎಷ್ಟು ನೀರು ಬೇಕು?

* * *

ಈ ಪ್ರಶ್ನೆ ನಮ್ಮದಲ್ಲ, ಒಂಬೈನೂರು ವರ್ಷ ಹಳೆಯದು. ಇಮಾಮ್ ಗಝ್ಝಾಲಿ (1058–1111) ಶಾಫಿ ಪಂಡಿತರು. ಬಗ್ದಾದಿನ ನಿಝಾಮಿಯಾದಲ್ಲಿ ದೊಡ್ಡ ಗುರುಪೀಠದಲ್ಲಿದ್ದವರು 1095ರಲ್ಲಿ ಎಲ್ಲ ಬಿಟ್ಟು ಹೊರಟುಹೋದರು. ಅವರ 'ಇಹ್ಯಾ ಉಲೂಮುದ್ದೀನ್' ನಲವತ್ತು ಭಾಗಗಳ ಗ್ರಂಥ, ಅದರ ಮೂರನೆಯ ಭಾಗ ಶುದ್ಧಿಯ ರಹಸ್ಯಗಳ ಬಗ್ಗೆ. ಅಲ್ಲಿ ಅವರು ಶುದ್ಧಿಗೆ ನಾಲ್ಕು ಮಜಲು ಹೇಳುತ್ತಾರೆ. ಮೈಯನ್ನು ನಜಿಸ್, ಹದಸ್‌ಗಳಿಂದ ತೊಳೆಯುವುದು ಮೊದಲನೆಯದು, ಅತಿ ಕೆಳಗಿನದು. ಆಮೇಲೆ ಕೈ, ಕಣ್ಣು, ನಾಲಗೆಗಳನ್ನು ಪಾಪದಿಂದ. ಆಮೇಲೆ ಹೃದಯವನ್ನು ಅಸೂಯೆ, ಗರ್ವ, ತೋರಿಕೆಗಳಿಂದ. ಕಡೆಯದು, ಅಂತರಂಗದ ಅಂತರಂಗವನ್ನು ದೇವರಲ್ಲದ ಎಲ್ಲದರಿಂದ. ಅದು ಪ್ರವಾದಿಗಳದು, ಸಂತರದು.

ಇಷ್ಟು ಎಲ್ಲರೂ ಹೇಳುತ್ತಾರೆ. ಅಂತರಂಗ ಬಹಿರಂಗಗಳ ಮಾತು ಕನ್ನಡಿಗರಿಗೆ ಹೊಸದೂ ಅಲ್ಲ. ಗಝ್ಝಾಲಿಯವರಲ್ಲಿ ನಮಗೆ ಹಿಡಿಸಿದ್ದು ಆಮೇಲೆ ಬರುವ ಕೋಪ. ಮೊದಲ ಪೀಳಿಗೆಯವರು ಬರಿಗಾಲಲ್ಲಿ ಕೆಸರು ತುಳಿದು ಬಂದು ಬರಿ ನೆಲದಲ್ಲಿ ನಮಾಜು ಮಾಡುತ್ತಿದ್ದರು, ಖಲೀಫ ಉಮರ್ ಕ್ರೈಸ್ತ ಹೆಂಗಸೊಬ್ಬಳ ಕೊಡದ ನೀರಿನಲ್ಲಿ ವುಝೂ ಮಾಡಿದರು ಎಂದು ನೆನಪಿಸುತ್ತಾರೆ. ಈಗಿನವರೋ, ಮದುವಣಗಿತ್ತಿಯನ್ನು ಸಿಂಗರಿಸುವವಳಂತೆ ಹೊರಮೈಯನ್ನು ಸಿಂಗರಿಸುತ್ತಾರೆ, ಒಳಗೆ ಗರ್ವ, ಅಜ್ಞಾನ, ಕಪಟ ಕೊಳೆಯುತ್ತಿದ್ದರೂ ಮೂಗು ಮುರಿಯುವುದಿಲ್ಲ, ಯಾರಾದರೂ ಚಾಪೆಯಿಲ್ಲದೆ ನಮಾಜು ಮಾಡಿದರೆ ಮಾತ್ರ ಊರೇ ಒಂದಾಗುವಂತೆ ಕೂಗಾಡುತ್ತಾರೆ ಎಂದು ಬೈಯುತ್ತಾರೆ. ಮುವಾರಿನ ಫಲಕಕ್ಕೆ ಬರೆದಂತಿದೆ.

ಅವರ ಇನ್ನೊಂದು ಧೈರ್ಯದ ಮಾತು ನೀರಿನ ಬಗ್ಗೆ. ಶಾಫಿ ಮತದಲ್ಲಿ ಎರಡು ಖುಲ್ಲಾಕ್ಕಿಂತ ಕಡಿಮೆ ನೀರಿಗೆ ನಜಿಸ್ ಸ್ವಲ್ಪ ತಾಗಿದರೂ ಇಡೀ ನೀರು ಅಶುದ್ಧ. ಎರಡು ಖುಲ್ಲಾ ಎಂದರೆ 500 ಬಗ್ದಾದಿ ರತ್ಲ್, ಈಗಿನ ಅಳತೆಯಲ್ಲಿ ಹೆಚ್ಚುಕಡಿಮೆ 200 ಲೀಟರು. (ನಮ್ಮ ಅಜ್ಜಿ ಬೆಣ್ಣೆ ತೂಗುತ್ತಿದ್ದ ರತ್ತಲು ಇದೇ. ಮಲಯ್ ಮಸೀದಿಗಳ ತೊಟ್ಟಿಗೆ 'ಕೋಲಾಹ್' ಎಂಬ ಹೆಸರಿರುವುದೂ ಈ ಖುಲ್ಲಾದ ನಂಟಿನಿಂದ. ಉತ್ತರ ಕರ್ನಾಟಕದವರ ನೀರಿನ ಹೌದು ಮಾತ್ರ ಇನ್ನೊಂದು ಅರಬ್ಬಿ ಶಬ್ದ, ಹೌಝ್.) ಈ ಅಳತೆಯಿಂದ ಜನರಿಗೆ ಎಷ್ಟು ಗೋಳು ಎಂದು ಕಂಡ ಗಝ್ಝಾಲಿ, ಈ ವಿಷಯದಲ್ಲಿ ಶಾಫಿಯವರ ಮತವೂ ಮಾಲಿಕರದರಂತೆ, ಬಣ್ಣ ರುಚಿ ವಾಸನೆ ಕೆಡದಿದ್ದರೆ ನೀರು ಶುದ್ಧವೇ ಎಂದಿದ್ದರೆ ಚೆನ್ನಾಗಿತ್ತು ಎಂದು ತಮ್ಮ ಸ್ವಂತ ಇಮಾಮರ ಬಗ್ಗೆಯೇ ಬರೆದುಬಿಡುತ್ತಾರೆ. ತೊಳೆದಷ್ಟೂ ತೃಪ್ತಿಯಾಗದೆ ಮತ್ತೆ ಮತ್ತೆ ತೊಳೆಯುವ ಹುಚ್ಚಿಗೆ ಇಸ್ಲಾಮಿನಲ್ಲಿ 'ವಸ್ವಾಸ್' ಎಂದು ಹೆಸರು, ಸೈತಾನ ಕಿವಿಯಲ್ಲಿ ಪಿಸುಗುಟ್ಟುವುದು ಎಂದರ್ಥ. ಅತಿಮಡಿಯ ಅತ್ತೆಯಂದಿರನ್ನು ಕಂಡ ನಮಗೆ ಈ ರೋಗದ ವರ್ಣನೆ ಬೇಡ!

ಕುರ್‌ಆನ್ ಮನಸ್ಸಿನ ಅಶುದ್ಧಿಗೆ ಬೇರೆ ಉಪಮೆ ಬಳಸುತ್ತದೆ: ಮಾಡಿದ ಕೆಲಸಗಳಿಂದ ಹೃದಯದ ಮೇಲೆ ಕಟ್ಟುವ ತುಕ್ಕು. ಅದಕ್ಕೆ ನೀರಿಲ್ಲ, ತೌಬಾ ಇದೆ, ಅಂದರೆ ಮಾಡಿದ್ದನ್ನು ಬಿಟ್ಟು ಹಿಂದಿರುಗುವುದು. ಮುಟ್ಟಿನ ಬಗ್ಗೆ ಹೇಳುವ ವಾಕ್ಯವೇ ಕೊನೆಗೆ ತಿರುಗಿ, ದೇವರು ತೌಬಾ ಮಾಡುವವರನ್ನೂ ಶುದ್ಧಿ ಮಾಡಿಕೊಳ್ಳುವವರನ್ನೂ ಪ್ರೀತಿಸುತ್ತಾನೆ ಎಂದು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಹಣಕ್ಕೂ ತುಕ್ಕು ಹಿಡಿಯುತ್ತದೆ. ಝಕಾತ್ ಎಂಬ ಶಬ್ದದಲ್ಲಿಯೇ ಶುದ್ಧಿ, ವೃದ್ಧಿ ಎಂಬ ಎರಡೂ ಅರ್ಥವಿದೆ. ಉಳಿತಾಯದ ಶೇಕಡಾ 2.5 ಹೊರಗೆ ಹೋದರೆ ಉಳಿದದ್ದು ಶುದ್ಧ. ನಮ್ಮಲ್ಲಿ ಬ್ಯಾಂಕು, ಷೇರು ಎಂದು ಕೆಲಸ ಮಾಡುವವರಿಗೆ ಇದರ ಇಂದಿನ ರೂಪ ಗೊತ್ತು. ಮಲೇಶಿಯಾದ ಸೆಕ್ಯುರಿಟೀಸ್ ಕಮಿಷನ್ ಪ್ರತಿ ವರ್ಷ ಮೇ ಮತ್ತು ನವೆಂಬರಿನಲ್ಲಿ ಶರೀಅತ್ ಒಪ್ಪುವ ಷೇರುಗಳ ಪಟ್ಟಿ ಹೊರಡಿಸುತ್ತದೆ. ಪಟ್ಟಿಯಿಂದ ಬಿದ್ದ ಷೇರನ್ನು ಇಟ್ಟುಕೊಂಡಿದ್ದರೆ, ಘೋಷಣೆಯ ದಿನದ ನಂತರ ಬಂದ ಹೆಚ್ಚುವರಿ ಲಾಭ ದಾನಕ್ಕೆ ಹೋಗಬೇಕು. ಹೃದಯದ ತುಕ್ಕಿಗೆ ಇಂಥ ಲೆಕ್ಕಪತ್ರ ಇಲ್ಲದಿರುವುದೇ ಕಷ್ಟ.

16ನೆಯ ಶತಮಾನದ ಈಜಿಪ್ಟಿನ ಸೂಫಿ ಶಾರಾನಿ ಹೇಳುವ ಕತೆಯೊಂದಿದೆ. ಇಮಾಮ್ ಅಬೂಹನೀಫಾರಿಗೆ ಜನರು ವುಝೂ ಮಾಡಿ ಚೆಲ್ಲಿದ ನೀರಿನಲ್ಲಿ ಅವರವರ ಪಾಪ ಕರಗಿ ಹರಿಯುವುದು ಕಾಣುತ್ತಿತ್ತಂತೆ. ಕಂಡು ಕಂಡು ಸಾಕಾಗಿ, ಈ ದೃಷ್ಟಿ ನನಗೆ ಬೇಡ ಎಂದು ದೇವರಲ್ಲಿ ಬೇಡಿಕೊಂಡರಂತೆ. ಇನ್ನೊಬ್ಬರ ಕೊಳೆ ಕಾಣುವುದು ವರವಲ್ಲ ಎಂದು ಅವರಿಗೆ ಗೊತ್ತಿತ್ತು.

ನಾವು ಎಲ್ಲಿ ಬಿಟ್ಟಿದ್ದೆವೋ ಆ ಕಾದಂಬರಿಗೆ ಬರೋಣ (ಓದದವರು ಕ್ಷಮಿಸಿ, ಕತೆಯ ಕೊನೆ ಹೇಳಲೇಬೇಕು). ತಂದೆಯ ಹಟಕ್ಕೆ ಗಂಡನಿಂದ ತಲಾಖ್ ಪಡೆಯಬೇಕಾದ ನಾದಿರಾ ಅದೇ ಗಂಡನನ್ನು ಮತ್ತೆ ಸೇರಬೇಕಾದರೆ ಒಂದು ರಾತ್ರಿಗೆ ಬೇರೊಬ್ಬನನ್ನು ಮದುವೆಯಾಗಬೇಕು ಎನ್ನುತ್ತಾರೆ ಊರಿನವರು. ಆಕೆ ಮಸೀದಿಯ ಕೊಳಕ್ಕೆ ಹಾರುತ್ತಾಳೆ. ನಮಾಜಿಗೆ ಬರುವವರು ಕೈಕಾಲು ತೊಳೆಯುವ ಕೊಳ! ಲಂಕೇಶ್ ಪತ್ರಿಕೆಯಲ್ಲಿ ಇದು ಬಂದಾಗ ಸಾರಾ ಅವರು ಏನೆಲ್ಲ ಕೇಳಬೇಕಾಯಿತು ಎಂಬುದು ಗೊತ್ತಿರುವುದೇ. ಅಂಥ ಮದುವೆಯನ್ನು ಹೊಂದಿಸುವವನನ್ನೂ ಹೊಂದಿಸಿಕೊಳ್ಳುವವನನ್ನೂ ಪ್ರವಾದಿ ಶಪಿಸಿದ ಹದೀಸ್ ತಿರ್ಮಿಝಿಯಲ್ಲಿದೆ. ಹೊರಗಿನ ವಿಧಿಯನ್ನು ಅಕ್ಷರ ತಪ್ಪದೆ ಪಾಲಿಸಿ ಒಳಗನ್ನು ಕೊಳೆಯಲು ಬಿಟ್ಟವರ ಊರು ಅದು. ಗಝ್ಝಾಲಿ ಬೈದದ್ದೂ ಅವರನ್ನೇ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರ ಜನವರಿಯಲ್ಲಿ ತೀರಿಕೊಂಡ ಆ ಲೇಖಕಿ ಹೊರಗಿನಿಂದ ಕಲ್ಲೆಸೆದವರಲ್ಲ, ಆ ಕೊಳದ ಮೆಟ್ಟಿಲಲ್ಲೇ ನಿಂತು ಬರೆದವರು ಎಂದು ಈಗ ನಮಗೆ ಅನಿಸುತ್ತಿದೆ.

ನಾಯಿಯ ಬಗ್ಗೆ ಇನ್ನೊಂದು ಹದೀಸ್ ಹೇಳದಿದ್ದರೆ ಅಕ್ಕ ನಮ್ಮನ್ನು ಬಿಡುವುದಿಲ್ಲ. ಬಾಯಾರಿಕೆಯಿಂದ ಬಾವಿಯ ಸುತ್ತ ಸುತ್ತುತ್ತಿದ್ದ ನಾಯಿಯನ್ನು ಕಂಡ ವೇಶ್ಯೆಯೊಬ್ಬಳು ತನ್ನ ಕಾಲಿನ ಜೋಡನ್ನೇ ಕಳಚಿ ಬಾವಿಗಿಳಿಸಿ ನೀರೆತ್ತಿ ಕುಡಿಸಿದಳು. ಅಷ್ಟಕ್ಕೇ ದೇವರು ಅವಳ ಪಾಪವನ್ನೆಲ್ಲ ಮನ್ನಿಸಿದ. ಏಳು ಸಲ ಪಾತ್ರೆ ತೊಳೆಯಲು ಹೇಳುವ ಸಂಗ್ರಹಗಳಲ್ಲಿಯೇ ಇದೂ ಇದೆ. ಜೋಡನ್ನು ಅವಳು ಏಳು ಸಲ ತೊಳೆದಳೋ ಇಲ್ಲವೋ ಯಾರೂ ಕೇಳಿದಂತಿಲ್ಲ.

ಅಂದ ಹಾಗೆ, ಮಣ್ಣಿನ ಪ್ರಸಂಗ ನಡೆದ ಮರುದಿನ ಪಕ್ಕದ ಮನೆಯಿಂದ ಒಂದು ತಟ್ಟೆ ತೆಂಗಿನಕಾಯಿ ಬೆಲ್ಲದ ಕುಯಿಹ್ ಬಂದಿತ್ತಂತೆ. ಸಿಟ್ಟಿನಲ್ಲಿ ಅಕ್ಕ ತಟ್ಟೆಯನ್ನು ಖಾಲಿ ಹಿಂದಿರುಗಿಸಿದ್ದರು, ಈಗ ಅದೇ ಕೊರಗು. ಗೇಟಿನ ನಲ್ಲಿಯ ಪಕ್ಕ ಈಗ ಗೊಬ್ಬರ ಸೋಕದ ಒಣ ಮಣ್ಣು ತುಂಬಿದ ಹಳೆಯ ಬಿಸ್ಕತ್ ಡಬ್ಬವೊಂದು ಕೂತಿದೆ, ಮೇಲೆ ಮುಚ್ಚಳ. ಹುಡುಗ ವಾರಕ್ಕೆ ಎರಡು ಸಲ ಕೈ ತೂರಿಸುತ್ತಾನೆ. ತೊಳೆಯುವಾಗ ಎಣಿಸುವ ಕೆಲಸ ಅಕ್ಕನದು, ಕನ್ನಡದಲ್ಲೇ ಎಣಿಸುತ್ತಾರೆ. ಅವನಿಗೆ ಈಗ ಏಳರವರೆಗೆ ಬರುತ್ತದೆ.

ಮುಂದಿನ ಕೂಟವೂ ಅಲ್ಲಿಯೇ. ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' ಓದಿಕೊಂಡು ಬನ್ನಿ. ಪುಸ್ತಕ ದಪ್ಪವಿದೆ, ಈಗಲೇ ಶುರುಮಾಡಿ. ನಾಯಿಗೆ ಹೆದರುವವರು ಬರುವ ಮೊದಲು ಅಕ್ಕನಿಗೆ ಒಂದು ಫೋನ್ ಮಾಡಿದರೆ ಅದನ್ನು ಹಿತ್ತಲಲ್ಲಿ ಕಟ್ಟಿಹಾಕುತ್ತಾರಂತೆ.

ಬಳಗದ ಪರವಾಗಿ,
ಬಾಂಗ್ಸಾರ್‌ನಿಂದ